ಕರ್ಪೂರ ಬಿಟ್ಟ ಜಾಗ

ಎರಡೇ ಸೆಕೆಂಡು ಬದುಕುವವನನ್ನು ನೀವು ಏನೆಂದು ಕೇಳುತ್ತೀರಿ? ಹೆಸರು, ಊರು ಕೇಳುವಷ್ಟರಲ್ಲಿ ಅವನ ಕತೆ ಮುಗಿದಿರುತ್ತದೆ. ನಾವು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆವು: ನೀನು ಯಾರಿಗೆ ಅಂಟಿಕೊಳ್ಳುತ್ತೀ?

ನಾನು ಹೇಳುತ್ತಿರುವುದು ನೂರ ಹದಿನಾಲ್ಕನೆಯ ಮೂಲಧಾತುವಿನ ಬಗ್ಗೆ. ಫ್ಲೆರೋವಿಯಂ ಅಂತ ಅದರ ಹೆಸರು. ಅಗೆದರೆ ಸಿಗುವಂಥದ್ದಲ್ಲ, ಮಾಡಿಕೊಳ್ಳಬೇಕು. ಚಿತ್ರದುರ್ಗದಿಂದಾಚೆಯ ಬಯಲಿನಲ್ಲಿ, ಜಾಲಿ ಗಿಡಗಳ ನಡುವೆ, ನೆಲದಡಿಯಲ್ಲಿ ನಮ್ಮ ಸಂಶೋಧನಾ ಕೇಂದ್ರದ ವೇಗವರ್ಧಕವಿದೆ. ಅಲ್ಲಿ ಕ್ಯಾಲ್ಸಿಯಂನ ಪರಮಾಣು ಬೀಜಗಳನ್ನು ಪ್ಲುಟೋನಿಯಂ ಲೇಪದ ಮೇಲೆ ದಿನವಿಡೀ ಎರಚುತ್ತೇವೆ. ಲೆಕ್ಕವಿಲ್ಲದಷ್ಟು ಏಟುಗಳಲ್ಲಿ ಯಾವುದೋ ಒಂದು ಸರಿಯಾಗಿ ಬಿದ್ದು ಎರಡೂ ಬೆಸೆದುಕೊಂಡರೆ ಒಂದು ಪರಮಾಣು ಹುಟ್ಟುತ್ತದೆ. ವಾರಕ್ಕೆ ಒಂದೋ ಎರಡೋ. ಅದನ್ನು ಅನಿಲವೊಂದು ಕಿರಿದಾದ ಓಣಿಯೊಳಗೆ ತಳ್ಳಿಕೊಂಡು ಬರುತ್ತದೆ. ಓಣಿಯ ಗೋಡೆಗಳಿಗೆ ಪತ್ತೆ ಫಲಕಗಳನ್ನು ಕೂರಿಸಿದ್ದೇವೆ. ಒಂದು ತುದಿ ಬೆಚ್ಚಗಿದೆ, ಇನ್ನೊಂದು ತುದಿ ಮಂಜುಗಡ್ಡೆಗಿಂತ ತಣ್ಣಗಿದೆ. ಪರಮಾಣು ಎಲ್ಲಿ ಅಂಟಿಕೊಂಡು ಸಿಡಿಯಿತು ಅನ್ನುವುದರ ಮೇಲೆ ಅದರ ಗುಣ ಹೇಳುತ್ತೇವೆ. ಬೆಚ್ಚಗಿನ ತುದಿಯಲ್ಲೇ ಅಂಟಿದರೆ ಅದು ಲೋಹ. ಯಾರನ್ನೂ ಮುಟ್ಟದೆ ತಣ್ಣನೆಯ ತುದಿಯವರೆಗೆ ಹೋದರೆ ನೆಂಟಸ್ತನ ಬೇಡವೆನ್ನುವ ಅನಿಲ.

ಆವರ್ತ ಕೋಷ್ಟಕದಲ್ಲಿ ಫ್ಲೆರೋವಿಯಂನ ನೆತ್ತಿಯ ಮೇಲೆಯೇ ಕೂತಿರುವುದು ಸೀಸ. ಎರಡೂ ಒಂದೇ ಮನೆತನದವು. ನನ್ನ ಗಂಡ ವೃಷಭೇಂದ್ರ ಹೆದ್ದಾರಿಯ ಪಕ್ಕದಲ್ಲಿ ಹಳೆಯ ಇನ್ವರ್ಟರ್ ಬ್ಯಾಟರಿಗಳನ್ನು ಒಡೆದು, ಸೀಸ ಕರಗಿಸಿ, ಹೊಸ ಪ್ಲೇಟು ಹೊಯ್ದು ಮಾರುವ ಅಂಗಡಿ ಇಟ್ಟಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಹಳೆಯ ಗೇಲಿ ಇತ್ತು.

“ದಾಕ್ಷಾಯಣೀ, ನಿನ್ನ ಪರಮಾಣು ನನ್ನ ಸೀಸದ ತಮ್ಮ ಅಂತೀಯಲ್ಲ, ಒಂದಿನ ಅಂಗಡಿಗೆ ಕರ್ಕೊಂಡು ಬಾರೇ, ಟೀ ಕುಡಿಸಿ ಕಳಿಸ್ತೀನಿ,” ಅನ್ನುತ್ತಿದ್ದರು.

“ಟೀ ಕುದಿಯೋವರ್ಗೂ ಇರಲ್ಲ ಕಣ್ರೀ ಅದು,” ಅನ್ನುತ್ತಿದ್ದೆ ನಾನು.

ಆ ಗೇಲಿ ಒಂದು ಬೆಳಗ್ಗೆ ನಿಂತುಹೋಯಿತು. ತಿಂಡಿಗೆ ಕೂತಿದ್ದವರು ನೀರಿನ ಲೋಟಕ್ಕೆ ಬಲಗೈ ಚಾಚಿದರು. ತೋಳು ಎದ್ದಿತು, ಮಣಿಕಟ್ಟು ಏಳಲಿಲ್ಲ. ಹಸ್ತ ಹಾಗೇ ಜೋತುಬಿದ್ದಿತ್ತು. ಅವರು ಅದನ್ನು ಎಡಗೈಯಿಂದ ಎತ್ತಿ ನೋಡಿದರು, ಬಿಟ್ಟರು, ಮತ್ತೆ ಎತ್ತಿದರು.

“ರಾತ್ರಿ ಕೈ ಮೇಲೆ ಮಲಗಿದ್ನೇನೋ,” ಅಂದರು.

ನಾನು ರಸಾಯನಶಾಸ್ತ್ರ ಓದಿದವಳು. ಜೋತುಬಿದ್ದ ಮಣಿಕಟ್ಟು ಸೀಸದ ವಿಷದ ಗುರುತು ಅಂತ ನನಗೆ ಗೊತ್ತಿತ್ತು. ಆದರೂ “ಹೌದೇನೋ” ಅಂದೆ.

ಆಸ್ಪತ್ರೆಯಲ್ಲಿ ಮೂತ್ರಪಿಂಡದ ಡಾಕ್ಟರ್ ಫರ್ಹಾನಾ ಸುತ್ತಿ ಬಳಸಿ ಮಾತಾಡುವವರಲ್ಲ. “ಇಷ್ಟು ವರ್ಷ ಸೀಸದ ಹೊಗೆ ಕುಡಿದಿದ್ದಾರೆ. ರಕ್ತದಲ್ಲಿರೋದು ಸ್ವಲ್ಪವೇ, ಮಿಕ್ಕಿದ್ದು ಮೂಳೆಯಲ್ಲಿ ಕೂತಿದೆ. ಕ್ಯಾಲ್ಸಿಯಂ ಅಂದ್ಕೊಂಡು ಮೂಳೆ ಅದನ್ನ ಒಳಗೆ ಬಿಟ್ಕೊಂಡಿದೆ. ಈಗ ವಾಪಸ್ ಉಗುಳ್ತಿದೆ,” ಅಂದರು.

“ಸೀಸ ಎಳೆಯೋ ಔಷಧಿ ಇದೆಯಲ್ಲ ಡಾಕ್ಟ್ರೇ?”

“ಇದೆ. ಅದು ಸೀಸಾನ ಕಿಡ್ನಿ ದಾರೀಲಿ ಹೊರಗೆ ಹಾಕುತ್ತೆ. ಇವರಿಗೆ ಆ ದಾರಿಯೇ ಇಲ್ಲ, ಎರಡೂ ಹೋಗಿವೆ. ಡಯಾಲಿಸಿಸ್ ಮಾಡ್ತೀನಿ, ಉಪ್ಪು, ನೀರು ತೆಗೀಬಹುದು. ಸೀಸ ರಕ್ತದ ಕಣಕ್ಕೇ ಅಂಟಿರುತ್ತೆ, ಡಯಾಲಿಸಿಸ್‌ಗೆ ಬರಲ್ಲ. ಮುಂದೆ ಮಿದುಳಿಗೆ ಹತ್ತುತ್ತೆ.”

ಕಾರಿಡಾರಿನಲ್ಲಿ ವೃಷಭೇಂದ್ರ ನನ್ನ ಮುಖ ನೋಡಿ, “ಏನಂತೆ? ಹೊಸ ಬ್ಯಾಟರಿ ಹಾಕ್ಬೇಕಂತಾ?” ಅಂದರು. ನನಗೆ ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಅಷ್ಟು ಸಿಟ್ಟು, ಅಷ್ಟು ಭಯ.

*

ಇನ್ನು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಪತ್ತೆ ಫಲಕಗಳಿಗೆ ಎಲ್ಲರೂ ಚಿನ್ನ ಬಳಿಯುತ್ತಾರೆ. ಚಿನ್ನದ ತಾಪತ್ರಯವೆಂದರೆ ಅದು ಬಂದವರನ್ನೆಲ್ಲ ಹಿಡಿದುಕೊಳ್ಳುತ್ತದೆ. ಆರಿಸಿ ಹಿಡಿಯುವ ಲೇಪವೊಂದು ಬೇಕೆಂದು ನಾನು ಸಾವಯವ ಪೊರೆಗಳನ್ನು ಮಾಡುತ್ತಿದ್ದೆ. ಅಡುಗೆಮನೆಯ ತಟ್ಟೆಯಷ್ಟು ಆಳದ ಒಂದು ಉದ್ದನೆಯ ತೊಟ್ಟಿ, ಅದರಲ್ಲಿ ಅತಿ ಶುದ್ಧವಾದ ನೀರು. ನೀರಿನ ಮೇಲೆ ನನ್ನ ಅಣುಗಳ ಒಂದು ಹನಿ. ಅವು ಗಂಧಕವಿರುವ ತಲೆಯನ್ನು ನೀರಿನಲ್ಲಿ ಅದ್ದಿ, ಬಾಲವನ್ನು ಮೇಲೆತ್ತಿ ತೇಲುತ್ತವೆ. ಆಮೇಲೆ ಒಂದು ಪಟ್ಟಿಯಿಂದ ಅವುಗಳನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತರಿಸಬೇಕು. ಹಾಲಿನ ಕೆನೆಯಂತೆ ಒಂದೇ ಅಣು ದಪ್ಪದ ಪೊರೆ ಕಟ್ಟುತ್ತದೆ. ಗಾಜನ್ನು ಅದ್ದಿ ಎತ್ತಿದರೆ ಆ ಪೊರೆ ಗಾಜಿಗೆ ಬರುತ್ತದೆ. ಮತ್ತೆ ಅದ್ದಬೇಕು, ಮತ್ತೆ ಎತ್ತಬೇಕು. ಅವಸರ ಮಾಡಿದರೆ ಬಿರಿಯುತ್ತದೆ. ಹಗಲೂ ರಾತ್ರಿ ಬಿಡದೆ ಕೂತರೆ ಒಂದು ಫಲಕ ಮುಗಿಯಲು ಎರಡು ದಿನ ಹಿಡಿಯುತ್ತದೆ.

ನನ್ನ ಪೊರೆಗಳು ಮೂರು ವರ್ಷ ಏನನ್ನೂ ಹಿಡಿಯಲಿಲ್ಲ. ಮುಖ್ಯಸ್ಥರಾದ ಡಾಕ್ಟರ್ ಶ್ರೀಪತಿ ಹೊಳ್ಳರು ನನ್ನನ್ನು ಕಂಡಾಗಲೆಲ್ಲ ಪಾಪ ಎನ್ನುವ ಮುಖ ಮಾಡುತ್ತಿದ್ದರು. ಆ ವರ್ಷ ದಸರಾ ರಜೆ ಮುಗಿದ ಮೇಲೆ ಮಾಡಿದ ಹತ್ತು ಹನ್ನೆರಡು ಫಲಕಗಳು ಮಾತ್ರ ಬೇರೆಯೇ ಆಗಿದ್ದವು. ಓಣಿಯ ಬೆಚ್ಚಗಿನ ತುದಿಯ ಮೊದಲ ಫಲಕದಲ್ಲೇ ಒಂದು ಪರಮಾಣು ಕೂತುಬಿಟ್ಟಿತು. ಅದು ಸಿಡಿದ ಗುರುತು ಪರದೆಯ ಮೇಲೆ ಬಂದಾಗ ಹೊಳ್ಳರು ಕಂಟ್ರೋಲ್ ರೂಮಿನ ಕುರ್ಚಿ ಹತ್ತಿ ನಿಂತರು.

“ಕೂತಿತು ಮಾರಾಯ್ತಿ! ಕೂತಿತು!” ಅಂತ ಕೂಗಿದರು. ಕೆಳಗಿಳಿಸಲು ಇಬ್ಬರು ಬೇಕಾಯಿತು.

ಎಲ್ಲರೂ ಸಿಹಿ ಹಂಚುತ್ತಿದ್ದಾಗ ನಾನು ಒಂದು ಫಲಕ ಕದ್ದುಕೊಂಡು ಹೋಗಿ ಸೀಸ ಕಲಸಿದ ರಕ್ತದಲ್ಲಿ ಮುಳುಗಿಸಿದೆ. ಹೌದು, ಕದ್ದೆ. ತಮ್ಮನನ್ನು ಹಿಡಿದದ್ದು ಅಣ್ಣನನ್ನೂ ಹಿಡಿದೀತು ಎಂಬ ಆಸೆ. ಹಿಡಿಯಿತು. ರಕ್ತದ ಕಣದಿಂದ ಸೀಸವನ್ನು ಕಿತ್ತುಕೊಂಡಿತು. ಕಬ್ಬಿಣ ಮುಟ್ಟಲಿಲ್ಲ, ಕ್ಯಾಲ್ಸಿಯಂ ಮುಟ್ಟಲಿಲ್ಲ. ಪ್ರಯೋಗಾಲಯದ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಫರ್ಹಾನಾ ಎಲ್ಲೆಲ್ಲಿಗೋ ಓಡಾಡಿ, ಬೇರೆ ದಾರಿಯಿಲ್ಲದ ರೋಗಿ ಎಂದು ಅನುಮತಿ ತಂದರು. ಫಲಕವನ್ನು ಒಂದು ಪುಟ್ಟ ಡಬ್ಬಿಯಲ್ಲಿಟ್ಟು, ಡಯಾಲಿಸಿಸ್ ಯಂತ್ರದ ಕೊಳವೆಗೆ ಸೇರಿಸಿದೆವು. ಮೊದಲ ಫಲಕ ಓಡಿದ ಮಾರನೆಯ ದಿನ ವೃಷಭೇಂದ್ರ ಹೊಟ್ಟೆನೋವಿಲ್ಲದೆ ಉಂಡರು. ನಾಲ್ಕನೆಯದು ಮುಗಿದಾಗ ಬಲಗೈ ಹಸ್ತ ನಡುಗುತ್ತಾ, ಅರ್ಧದಷ್ಟು ಮೇಲೆದ್ದಿತು.

“ತಮ್ಮನ್ನ ಹಿಡಿದ ಫಲಕ ಪರವಾಗಿಲ್ಲ ಕಣೆ,” ಅಂದರು. “ಅಣ್ಣನ್ನೂ ಹೆಂಗೆ ಎಳ್ಕೊಂಡು ಹೋಯ್ತು ನೋಡು.”

*

ಮೂಳೆ ಸುಮ್ಮನಿರಲಿಲ್ಲ. ರಕ್ತ ತಿಳಿಯಾದಂತೆಲ್ಲ ಮೂಳೆ ಇನ್ನಷ್ಟು ಸೀಸ ಬಿಡತೊಡಗಿತು. ಎರಡು ದಿನ ಫಲಕ ತಪ್ಪಿದರೆ ಮಾತು ತೊದಲುತ್ತಿತ್ತು. ಹೆಸರುಗಳು ಮರೆಯುತ್ತಿದ್ದವು. ಒಮ್ಮೆ ನನ್ನನ್ನು ಅವರ ಅಕ್ಕನ ಹೆಸರಿನಿಂದ ಕರೆದರು. ಮೂಳೆ ಖಾಲಿಯಾಗುವವರೆಗೆ, ಅಂದರೆ ವರ್ಷಗಟ್ಟಲೆ, ಎರಡು ದಿನಕ್ಕೊಂದು ಫಲಕ ಬೇಕೆಂದು ಫರ್ಹಾನಾ ಹೇಳಿದರು. ದಸರಾ ಫಲಕಗಳು ಕರಗುತ್ತಾ ಬಂದಿದ್ದವು.

ಹೊಸದು ಮಾಡಿದೆ, ಹಿಡಿಯಲಿಲ್ಲ. ಇನ್ನೊಂದು ಮಾಡಿದೆ, ಅದೂ ಹಿಡಿಯಲಿಲ್ಲ. ಅದೇ ಅಣು, ಅದೇ ನೀರು, ಅದೇ ತೊಟ್ಟಿ, ಅದೇ ನಾನು. ಆ ಯಶಸ್ಸಿನ ಮೇಲೆ ನಾವು ಬುದ್ಧಿವಂತರು ಇನ್ನೂ ಚೆನ್ನಾಗಿ ಬರಲಿ ಎಂದು ಕೋಣೆಯನ್ನು ಉಜ್ಜಿ ಉಜ್ಜಿ ತೊಳೆದಿದ್ದೆವು. ಗಾಳಿಯ ಜರಡಿಗಳನ್ನು ಬದಲಿಸಿದ್ದೆವು. ತೊಟ್ಟಿಯ ಮೇಲಿನ ಗಾಜಿನ ಪೆಟ್ಟಿಗೆಯನ್ನು ಕಳಚಿ ಹೊಸದು ಕೂರಿಸಿದ್ದೆವು. ತೊಳೆದಷ್ಟೂ ಪೊರೆ ಮೊಂಡು ಬೀಳುತ್ತಿತ್ತು. ನನಗೆ ತಲೆ ಕೆಟ್ಟುಹೋಯಿತು. ಕೈ ತೊಳೆಯುವ ಸೋಪು ಬದಲಿಸಿದೆ. ಸೀರೆ ಬಿಟ್ಟು ಚೂಡಿದಾರ ಹಾಕಿದೆ. ಶುಕ್ರವಾರ ಮಾಡಿದರೆ ಬಂದೀತಾ ಎಂದು ಒಂದು ಶುಕ್ರವಾರ ಶುರುಮಾಡಿದೆ. ಡಾಕ್ಟರೇಟ್ ಮಾಡಿದ ಹೆಂಗಸು ನಾನು, ನಾಚಿಕೆಯನ್ನೂ ಬಿಟ್ಟೆ.

ಕೊನೆಗೆ ಮಿಕ್ಕಿದ್ದು ಒಂದೇ ಒಂದು ದಸರಾ ಫಲಕ. ಅದನ್ನು ಗಂಡನಿಗೆ ಓಡಿಸಿದರೆ ಎರಡು ದಿನ. ಒಡೆದು ನೋಡಿದರೆ ಗುಟ್ಟು ಸಿಕ್ಕರೂ ಸಿಗಬಹುದು. ಒಡೆದೆ. ಚೂರನ್ನು ಬಿಸಿಮಾಡಿ, ಬಿಟ್ಟ ಆವಿಯ ಅಣುಗಳನ್ನು ತೂಗುವ ಯಂತ್ರಕ್ಕೆ ಕೊಟ್ಟೆ. ನನ್ನ ಅಣುಗಳ ಗುರುತಿನ ಪಕ್ಕದಲ್ಲಿ ಕರೆಯದೆ ಬಂದ ಇನ್ನೊಂದು ಗುರುತಿತ್ತು. ತೂಕ ನೂರ ಐವತ್ತೆರಡು. ಕಂಪ್ಯೂಟರು ತನ್ನ ಪಟ್ಟಿ ಹುಡುಕಿ ಹೆಸರು ಹೇಳಿತು: ಕ್ಯಾಂಫರ್.

“ಕರ್ಪೂರ?” ಅಂದೆ.

ಹೊಳ್ಳರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅವರ ಕಿವಿಗಳು ಕೆಂಪಾಗಿದ್ದವು.

ನಮ್ಮ ಶುದ್ಧ ಕೋಣೆಯೊಳಗೆ ತಲೆಗೆ ಎಣ್ಣೆ ಹಚ್ಚಿಕೊಂಡವರಿಗೂ ಪ್ರವೇಶವಿಲ್ಲ. ಹೂ ಮುಡಿಯುವಂತಿಲ್ಲ, ಪೌಡರ್ ಹಾಕುವಂತಿಲ್ಲ. ಬಾಗಿಲಲ್ಲಿ ಹಾಗೆಂದು ದೊಡ್ಡ ಬೋರ್ಡಿದೆ. ಆದರೆ ಆಯುಧಪೂಜೆಯ ದಿನ ಆ ಬೋರ್ಡಿಗೇ ಕುಂಕುಮ ಹಚ್ಚುತ್ತೇವೆ. ವೇಗವರ್ಧಕಕ್ಕೆ ಹಾರ, ಪಂಪುಗಳಿಗೆ ವಿಭೂತಿ, ಬಾಗಿಲಿಗೆ ಬೂದುಗುಂಬಳ. ಪ್ರತಿ ಕೇಂದ್ರದಲ್ಲೂ ಮಾಡುವಂಥದ್ದೇ. ಆ ವರ್ಷ ಹೊಳ್ಳರು ತಲೆಗೆ ಟೋಪಿ, ಮೂಗಿಗೆ ಮಾಸ್ಕು ಎಲ್ಲ ಹಾಕಿಕೊಂಡು, ನಿಯಮ ಪಾಲಿಸಿದ ತೃಪ್ತಿಯಿಂದಲೇ, ಮೊದಲ ಸಲ ನನ್ನ ತೊಟ್ಟಿಗೂ ಮಂಗಳಾರತಿ ಎತ್ತಿದ್ದರು.

“ಮಿಕ್ಕ ಕರ್ಪೂರದ ಪೊಟ್ಟಣ ಎಲ್ಲಿಟ್ರಿ ಸರ್?”

“ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ,” ಅಂದರು ಮೆಲ್ಲಗೆ. “ಮುಂದಿನ ವರ್ಷಕ್ಕೆ ಬೇಕಾಗ್ತದೆ ಅಂತ.”

ಪೊಟ್ಟಣ ಅಲ್ಲಿ ಕೂತು ವಾರಗಟ್ಟಲೆ ಆವಿಯಾಗಿತ್ತು. ದುಂಡನೆಯ ಕರ್ಪೂರದ ಅಣುಗಳು ನನ್ನ ಉದ್ದುದ್ದ ಅಣುಗಳ ಗುಂಪಿನಲ್ಲಿ ತೂರಿಕೊಂಡು, ಗಾಜಿಗೆ ಏರಿ, ಆಮೇಲೆ ಬಹುಪಾಲು ಒಂದೊಂದಾಗಿ ಹಾರಿಹೋಗಿದ್ದವು. ಅವು ಬಿಟ್ಟ ಜಾಗದಲ್ಲಿ ಕಿಂಡಿ ಉಳಿದಿತ್ತು. ಕಿಂಡಿಯ ಸುತ್ತ ಗಂಧಕದ ತಲೆಗಳು. ಸೀಸಕ್ಕೆ ಗಂಧಕವೆಂದರೆ ಪ್ರಾಣ. ಕಿಂಡಿಯ ಅಳತೆಯೂ ಹೇಳಿ ಮಾಡಿಸಿದಂತಿತ್ತು. ಆಮೇಲೆ ನಾವು ಪೆಟ್ಟಿಗೆ ಬದಲಿಸುವಾಗ ಪೊಟ್ಟಣವನ್ನು ಏನೆಂದು ನೋಡದೆಯೇ ಕಸಕ್ಕೆ ಎಸೆದಿದ್ದೆವು.

ಅಂಗಡಿಯಿಂದ ಕರ್ಪೂರ ತರಿಸಿ ತೊಟ್ಟಿಯ ಬಳಿ ಇಟ್ಟೆ. ಫಲಕ ಸೀಸ ಹಿಡಿಯಿತು. ನಾನು ನಕ್ಕೆ, ಹೊಳ್ಳರು ನಗಲಿಲ್ಲ.

“ಎಂತ ಹೇಳುವುದು ಮಾರಾಯ್ತಿ,” ಅಂದರು. “ಜಗತ್ತಿನಲ್ಲೇ ಶುದ್ಧವಾದ ಪೊರೆ ಅಂತ ಬರೆದಿದ್ದೇವೆ. ನಮ್ಮ ಪರಮಾಣು ಲೋಹ ಅಂತ ಸಾರಿಯಾಗಿದೆ. ಅದು ಲೋಹವೂ ಅಲ್ಲ, ಎಂತದೂ ಅಲ್ಲ, ಕರ್ಪೂರದ ಗುಂಡಿಗೆ ಕಾಲು ಜಾರಿ ಬಿದ್ದದ್ದು! ಮುಂದಿನ ತಿಂಗಳು ಪ್ರಯೋಗ ಮತ್ತೊಮ್ಮೆ ಮಾಡ್ಲಿಕ್ಕಿದೆ. ತೊಟ್ಟಿ ನನಗೆ ಬೇಕು. ಒಂದು ತಿಂಗಳು ಯಾರಿಗೂ ಹೇಳ್ಬೇಡ.”

“ಒಂದು ತಿಂಗಳು ತೊಟ್ಟಿ ನಿಮಗೆ ಕೊಟ್ರೆ ನನ್ನ ಗಂಡ ಏನು ಮಾಡ್ಬೇಕು ಸರ್? ಕಾಯ್ತಾ ಕೂತಿರ್ಬೇಕಾ?”

“ನನ್ನ ಮೂವತ್ತು ವರ್ಷ ಮಾರಾಯ್ತಿ,” ಅಂದರು. ಅಷ್ಟೇ ಅಂದದ್ದು.

“ನಿಮ್ಮ ಮೂವತ್ತು ವರ್ಷಕ್ಕೆ ಬೆಂಕಿ ಹಾಕ,” ಅಂದೆ. ಅವರ ಕೈಕೆಳಗೆ ಹದಿನಾರು ವರ್ಷ ಕೆಲಸ ಮಾಡಿದವಳು ನಾನು. ಅಂದುಬಿಟ್ಟೆ.

ಮಾರನೆಯ ಬೆಳಗ್ಗೆ ಹೊಳ್ಳರು ನನಗಿಂತ ಮೊದಲೇ ಬಂದು ತೊಟ್ಟಿಯ ಮುಂದೆ ಕೂತಿದ್ದರು. ಪ್ರಯೋಗ ರದ್ದು ಮಾಡಿದ್ದರು. ಪ್ರಬಂಧ ಹಿಂತೆಗೆದುಕೊಂಡಿದ್ದರು. ಪೊರೆ ಮಾಡುವ ಎಲ್ಲ ಪ್ರಯೋಗಾಲಯಗಳಿಗೂ ಪೂಜೆ, ಪೊಟ್ಟಣ, ಕರ್ಪೂರ ಎಲ್ಲ ಬಿಡಿಸಿ ಬರೆದು, ನೀವೂ ಮಾಡಿಕೊಡಿ ಎಂದು ಕೇಳಿಕೊಂಡಿದ್ದರು. “ಹಗಲು ನೀನು ಮಾಡು, ರಾತ್ರಿ ನಾನು ಮಾಡ್ತೇನೆ. ನನಗೆ ಹೇಗೂ ನಿದ್ರೆ ಬರುವುದಿಲ್ಲ,” ಅಂದರು. ನಾನು ಅವರ ಕಾಲು ಮುಟ್ಟಲು ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಂಡರು.

ಕೆಲವರು ಆ ಪತ್ರ ಓದಿ ನಕ್ಕರು. ನಗದವರು, ತೊಟ್ಟಿ ಹೊಂದಿಸಿ ಮೊದಲ ಫಲಕ ತೆಗೆಯಲು ಆರು ತಿಂಗಳಾದರೂ ಬೇಕೆಂದು ಉತ್ತರ ಕೊಟ್ಟರು. ನಾವೇ ಎರಡನೆಯ ತೊಟ್ಟಿ ಕಟ್ಟಿಕೊಂಡೆವು, ಅದರಲ್ಲಿ ಕಟ್ಟಿದ ಪೊರೆಯೆಲ್ಲ ಬಿರಿಯಿತು. ಇದ್ದದ್ದು ಒಂದು ತೊಟ್ಟಿ. ಹಗಲೂ ರಾತ್ರಿ ದುಡಿದರೆ ಎರಡು ದಿನಕ್ಕೆ ಒಂದು ಫಲಕ. ನನ್ನ ಗಂಡನಿಗೆ ಬೇಕಾದದ್ದೂ ಅಷ್ಟೇ. ಇಷ್ಟಾದರೂ ಸರಿಹೋಯಿತಲ್ಲ ಎಂದುಕೊಂಡೆ.

*

ಆಗ ಬಂದವಳು ಹನುಮಕ್ಕ.

ವೃಷಭೇಂದ್ರರ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಬ್ಯಾಟರಿ ಡಬ್ಬಿ ಒಡೆಯುತ್ತಿದ್ದವಳು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಈಗ ಏಳು ತಿಂಗಳ ಬಸುರಿ. ಬಸುರಿಯ ಮೂಳೆ ಮಗುವಿಗೆಂದು ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಅದರ ಜೊತೆ ಕೂತಿದ್ದ ಸೀಸವೂ ಎದ್ದು ಹೊರಡುತ್ತದೆ. ಅದಕ್ಕೆ ಹೊಕ್ಕುಳ ಬಳ್ಳಿಯಲ್ಲಿ ತಡೆಯೇ ಇಲ್ಲ. ಫರ್ಹಾನಾ ಅವಳನ್ನು ವೃಷಭೇಂದ್ರರ ಪಕ್ಕದ ಹಾಸಿಗೆಗೇ ತಂದು ಮಲಗಿಸಿದರು.

ನಾನು ಫರ್ಹಾನಾರನ್ನು ಹೊರಗೆ ಕರೆದುಕೊಂಡು ಹೋಗಿ, “ಅವಳ ಕಿಡ್ನಿ ಚೆನ್ನಾಗಿದೆ, ಔಷಧಿ ಕೊಡಿ,” ಅಂದೆ.

“ಹೊಟ್ಟೇಲಿ ಮಗು ಇದೆ ದಾಕ್ಷಾಯಣಿ ಅವ್ರೇ. ಈಗ ಆ ಔಷಧಿ ಕೊಟ್ರೆ ಮೂಳೇಲಿರೋದನ್ನೂ ಎಬ್ಬಿಸಿ ಮಗು ಕಡೆಗೇ ತಳ್ಳಿದ ಹಾಗಾಗುತ್ತೆ. ನಾನು ಕೊಡಲ್ಲ. ಹೆರಿಗೆವರೆಗೆ ನಿಮ್ಮ ಫಲಕ ಸಿಕ್ಕರೆ ಮಗು ನೆಟ್ಟಗೆ ಹುಟ್ಟುತ್ತೆ.”

“ಸರದಿ ಹಾಕಿದ್ರೆ? ಒಂದು ಇವರಿಗೆ, ಒಂದು ಅವಳಿಗೆ?”

“ನಾಲ್ಕು ದಿನಕ್ಕೊಂದು ಸಲ ಅಂದ್ರೆ ಇಬ್ಬರಿಗೂ ಸಾಲಲ್ಲ. ತೆಗೆದಷ್ಟನ್ನ ಮೂಳೆ ಮತ್ತೆ ತುಂಬಿಸಿರುತ್ತೆ. ಇವರಿಗೆ ಎರಡು ವಾರ ನಿಂತರೆ ಸಾಕು...” ಫರ್ಹಾನಾ ಮಾತು ನಿಲ್ಲಿಸಿದರು. ಆಮೇಲೆ, “ಯಾರಿಗೆ ಅಂತ ನಾನು ಹೇಳೋಕಾಗಲ್ಲ. ಫಲಕ ನಿಮ್ಮದು,” ಅಂದರು.

ನಾನು ಒಳಗೆ ಹೋಗಿ ಅಂದಿನ ಫಲಕವನ್ನು ಗಂಡನ ಕೊಳವೆಗೆ ಸೇರಿಸಿ ಪಂಪು ಹಾಕಿದೆ. ಹನುಮಕ್ಕನ ಕಡೆ ತಿರುಗಿ ನೋಡಲಿಲ್ಲ.

ಅದು ಓಡಿ ಮುಗಿಯುವ ಹೊತ್ತಿಗೆ ವೃಷಭೇಂದ್ರರ ತಲೆ ತಿಳಿಯಾಗಿತ್ತು. ಮಾತು ಸ್ಪಷ್ಟವಾಗಿತ್ತು. ಹನುಮಕ್ಕನಿಗೆ ಯಾಕೆ ಏನೂ ಹಾಕಿಲ್ಲ ಅಂತ ಕೇಳಿದರು. ಸುಳ್ಳು ಹೇಳೋಣವೆಂದುಕೊಂಡೆ, ಅವರು ನನ್ನ ಮುಖ ಓದಿಬಿಟ್ಟರು.

“ನಾಳಿದ್ದಿನ ಫಲಕ ಅವಳಿಗೆ ಹಾಕು.”

“ಸುಮ್ನೆ ಮಲಕ್ಕೊಳ್ರೀ.”

“ದಾಕ್ಷೀ, ಅವಳಿಗೆ ಅದು ಬಂದಿದ್ದು ನನ್ನ ಶೆಡ್ಡಲ್ಲಿ ಕಣೆ. ಬೇರೆ ಎಲ್ಲೂ ಅಲ್ಲ.”

“ಹೌದು, ನಿಮ್ಮ ಶೆಡ್ಡಲ್ಲೇ. ನಿಮಗೆ ಬಂದಿದ್ದೂ ಅಲ್ಲೇ. ಅದಕ್ಕೆ ನಾನೇನು ಮಾಡ್ಲಿ? ನನಗೂ ಒಬ್ಬನೇ ಗಂಡ.”

“ಮಾಸ್ಕ್ ಕೊಡಿಸಿ ಅಂತ ಎಷ್ಟು ಬಡ್ಕೊಂಡೆ ನೀನು. ಕೊಡಿಸ್ದೆ. ಸೆಖೆ ಅಂತ ಯಾರೂ ಹಾಕ್ಕೊಳ್ಳಲಿಲ್ಲ. ನಾನೇ ಹಾಕ್ಕೊಳ್ಳಲಿಲ್ಲ, ಅವಳಿಗೆ ಹೆಂಗೆ ಹೇಳ್ಲಿ?” ಅವರು ಹನುಮಕ್ಕನ ಹಾಸಿಗೆಯ ಕಡೆ ನೋಡಿದರು. “ನಂಗೆ ಬದುಕೋ ಆಸೆ ಇಲ್ಲ ಅಂತಲ್ಲ. ತುಂಬಾ ಇದೆ. ಆದ್ರೂ ಅವಳಿಗೆ ಹಾಕು.”

ಊಟದ ಡಬ್ಬಿ ಎತ್ತಿಕೊಂಡು ಹೊರಟುಬಂದೆ.

ಮುಂದಿನ ಫಲಕ ಮಾಡುತ್ತಾ ತೊಟ್ಟಿಯ ಮುಂದೆ ಕೂತು ಹನುಮಕ್ಕನನ್ನು ಬಾಯಿಗೆ ಬಂದಂತೆ ಬೈದೆ. ಈಗಲೇ ಬಸುರಾಗಬೇಕಿತ್ತಾ ಅಂದೆ. ಅವಳ ಹೊಟ್ಟೆಯಲ್ಲಿದ್ದದ್ದನ್ನೂ ಬಿಡಲಿಲ್ಲ. ನನ್ನ ಬಾಯಿಂದ ಇಂಥ ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಗಂಡನನ್ನೂ ಬೈದೆ. ದೊಡ್ಡ ಮನುಷ್ಯ ಆಗಲು ಹೊರಟಿದ್ದೀರಾ, ನನ್ನನ್ನು ಒಂದು ಮಾತು ಕೇಳಿದಿರಾ ಅಂದೆ. ಅಷ್ಟೆಲ್ಲ ಅನ್ನುತ್ತಿದ್ದರೂ ಕೈ ಮಾತ್ರ ಪಟ್ಟಿಯನ್ನು ಮೆಲ್ಲಗೇ ತಳ್ಳುತ್ತಿತ್ತು. ಅವಸರ ಮಾಡಿದರೆ ಬಿರಿಯುತ್ತದೆ.

*

ಫಲಕ ತೆಗೆದುಕೊಂಡು ವಾರ್ಡಿಗೆ ಹೋದಾಗ ಮಧ್ಯಾಹ್ನದ ಊಟದ ತಟ್ಟೆಗಳನ್ನು ಎತ್ತುತ್ತಿದ್ದರು. ಎರಡು ಹಾಸಿಗೆಗಳ ನಡುವೆ ಒಂದು ಸ್ಟೂಲು ಹಿಡಿಯುವಷ್ಟು ಜಾಗ. ಹನುಮಕ್ಕ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ವೃಷಭೇಂದ್ರರ ಕಣ್ಣು ತೆರೆದಿತ್ತು, ನೋಟ ಎಲ್ಲೋ ಇತ್ತು. ಎರಡು ದಿನದಲ್ಲಿ ಸೀಸ ಮತ್ತೆ ತಲೆಗೇರಿತ್ತು.

ನನ್ನ ಕೈಯಲ್ಲಿದ್ದ ಡಬ್ಬಿ ಕಂಡ ಕೂಡಲೇ ಅವರಿಗೆ ಅದರ ಗುರುತು ಹತ್ತಿತು. ನನ್ನ ಗುರುತು ಹತ್ತಿತೋ ಇಲ್ಲವೋ ಗೊತ್ತಾಗಲಿಲ್ಲ.

“ತಂದ್ಯಾ? ಹಾಕು, ಹಾಕು,” ಅಂದರು. “ಹೊಟ್ಟೆ ಹಿಂಡ್ತಾ ಇದೆ. ಕೈ ಏಳ್ತಿಲ್ಲ. ಬೇಗ ಹಾಕೇ.”

“ರೀ,” ಅಂದೆ. “ಮೊನ್ನೆ ಏನು ಹೇಳಿದ್ರಿ, ನೆನಪಿದೆಯಾ?”

“ಮೊನ್ನೆ?” ಅವರು ಮಗುವಿನ ಹಾಗೆ ನನ್ನ ಮುಖ ನೋಡಿದರು. “ಹಾಕಲ್ವಾ? ಯಾಕೆ ಹಾಕಲ್ಲ? ನಾನೇನು ಮಾಡಿದೆ?”

ಹನುಮಕ್ಕ ಹಾಸಿಗೆಯಿಂದ ಕಾಲು ಕೆಳಗೆ ಬಿಟ್ಟಳು. “ಅಣ್ಣಾರ್ಗೇ ಹಾಕ್ರಿ ಅಕ್ಕಾ. ನನ್ ಕಣ್ಣಾಗ ಇದನ್ನ ನೋಡಕ್ ಆಗಲ್ಲ. ನಾನ್ ಮನೀಗ್ ವೋಗ್ತೀನಿ. ನನ್ ಕೂಸಿನ ಹಣೇಲಿ ಏನೈತೋ ಅದಾಗ್ಲಿ,” ಅಂದಳು. ಆದರೆ ಅವಳ ಕೈ ಹೊಟ್ಟೆಯನ್ನು ಬಿಟ್ಟಿರಲಿಲ್ಲ.

ಬಾಗಿಲ ಬಳಿ ಫರ್ಹಾನಾ ನಿಂತಿದ್ದರು.

ನನಗೆ ಇಬ್ಬರು ಗಂಡಂದಿರು ಇದ್ದ ಹಾಗಾಯಿತು. ಮೊನ್ನೆ ತಿಳಿಯಾದ ತಲೆಯಿಂದ ಅವಳಿಗೆ ಹಾಕು ಅಂದವರು ಒಬ್ಬರು. ಈಗ ನನ್ನ ಸೀರೆ ಸೆರಗನ್ನು ಎಡಗೈಯಲ್ಲಿ ಹಿಡಿದು ಜಗ್ಗುತ್ತಿರುವವರು ಇನ್ನೊಬ್ಬರು. ಆ ಕ್ಷಣಕ್ಕೆ ನನ್ನ ಮನಸ್ಸಿಗೆ ಹಿತವಾಗಿದ್ದದ್ದು ಈ ಎರಡನೆಯವರ ಮಾತು. ಅವರ ಮಾತು ಕೇಳಲು ನೂರು ಕಾರಣ ಸಿಗುತ್ತಿದ್ದವು. ರೋಗಿ ಕೇಳುತ್ತಿದ್ದಾರೆ, ಫಲಕ ನನ್ನದು, ಆ ಹೆಂಗಸೇ ಬೇಡ ಎನ್ನುತ್ತಿದ್ದಾಳೆ. ಯಾರೂ ನನ್ನನ್ನು ಒಂದು ಮಾತು ಅನ್ನುತ್ತಿರಲಿಲ್ಲ. ಆದರೆ ನಾನು ಮದುವೆಯಾದವರು, ಇಪ್ಪತ್ತೆರಡು ವರ್ಷ ಜಗಳವಾಡಿದವರು, ಮೊನ್ನೆ ಮಾತಾಡಿದ ಆ ಮನುಷ್ಯ. ಈಗ ಕೇಳುತ್ತಿರುವುದು ಅವರ ನೋವು. ಆ ನೋವನ್ನೂ ನಾನು ಅಷ್ಟೇ ಪ್ರೀತಿಸುತ್ತಿದ್ದೆ, ಅದೇ ತೊಂದರೆ.

ಸೆರಗು ಬಿಡಿಸಿಕೊಂಡೆ. ಹನುಮಕ್ಕನ ಭುಜ ಹಿಡಿದು ಮಲಗಿಸಿದೆ.

“ಅಕ್ಕಾ, ಬ್ಯಾಡ...”

“ಬಾಯ್ಮುಚ್ಚಿಕೊಂಡು ಮಲಗು,” ಅಂದೆ. ಒರಟಾಗಿಯೇ ಅಂದೆ. ಮೆತ್ತಗೆ ಅನ್ನುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಫರ್ಹಾನಾ ಬಂದು ಅವಳ ತೋಳಿಗೆ ಸೂಜಿ ಹಾಕಿದರು. ನಾನು ಡಬ್ಬಿಯನ್ನು ಕೊಳವೆಗೆ ತಿರುಗಿಸಿ ಬಿಗಿಮಾಡಿದೆ. ಕೆಂಪು ಮೆಲ್ಲಗೆ ಹರಿದು ಗಾಜಿನ ಮೇಲೇರಿತು. ಪಂಪು ಗುರ್ರೆಂದು ತಿರುಗತೊಡಗಿತು.

“ದಾಕ್ಷೀ,” ಅಂದರು ಹಿಂದಿನಿಂದ. ಈಗ ನನ್ನ ಹೆಸರು ನೆನಪಾಗಿತ್ತು. “ಹಾಕೇ, ನಿನ್ನ ದಮ್ಮಯ್ಯ.”

ನಾನು ಸ್ಟೂಲನ್ನು ಅವರ ಕಡೆ ತಿರುಗಿಸಿಕೊಂಡು ಕೂತೆ. ಆ ಜೋತುಬಿದ್ದ ಕೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡೆ. ಅದು ಬಹಳ ತಣ್ಣಗಿತ್ತು.

“ಹಾಕಿದೀನಿ ಕಣ್ರೀ,” ಅಂದೆ. “ಓಡ್ತಾ ಇದೆ. ಪಂಪು ಕೇಳಿಸ್ತಿಲ್ವಾ?”

ಅವರು ಕಿವಿಗೊಟ್ಟು ಕೇಳಿದರು. ಪಕ್ಕದ ಹಾಸಿಗೆಯಲ್ಲಿ ಹನುಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅವರಿಗೆ ಅದು ಕೇಳಿಸಲಿಲ್ಲ. ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು.

“ಹೂಂ, ಕೇಳಿಸ್ತಿದೆ,” ಅಂದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ, “ಈಗ ಹಗುರ ಆಗ್ತಿದೆ ಕಣೆ,” ಅಂದರು.